ಮೂರು ಸ್ವರ, ನಡುವೆ ಖಾಲಿ

ಜನವರಿ 9, ಗುರುವಾರ
ಬೆಳಗ್ಗಿನಿಂದ ತಲೆ ಕತ್ತರಿಸುವುದೇ ಕೆಲಸ. ಪಂಜದ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್. ಶುಭ ಕೋರುವವರದ್ದೇ ಮೂರು ಸಾಲು ಮುಖ. ಮೂಲೆಯಲ್ಲಿ ಅಂಗೈಯಗಲ ಬಿಳಿ ಉಳಿಸಿದ್ದೆ, ಕಣ್ಣಿಗೆ ಸ್ವಲ್ಪ ಉಸಿರಾಡಲಿಕ್ಕೆ. ಅಂಗಡಿಯ ಯಜಮಾನ ರಹ್ಮತ್ ಬಂದು ಸ್ಕ್ರೀನಿನ ಮೇಲೆ ಬೆರಳಿಟ್ಟ.

"ಅಕ್ಕ, ಇಲ್ಲಿ ಖಾಲಿ ಉಂಟಲ್ಲ? ಎರಡು ತಲೆ ಹಿಡಿತದೆ."

ಹಾಕಿದೆ. ಸುಡುಗಾಡು ಹೊಟ್ಟೆಪಾಡು.

ಊಟದ ಹೊತ್ತಿನಲ್ಲಿ ನಮ್ಮ ಕರೆಯೋಲೆ ಮಾಡಿದೆ. ಇಡೀ ಕಾಗದ ಬಿಳಿ. ಕೆಳಗೆ ಸಣ್ಣಕ್ಷರದಲ್ಲಿ — ಪಿಟೀಲು: ಮುರಳಿಕೃಷ್ಣ. ಚಿತ್ರ: ದೀಪಶ್ರೀ. ಫೆಬ್ರವರಿ 16, ಪುತ್ತೂರು. ಗಂಡ ಹೆಂಡತಿ ಎಂದು ಕೂಡ ಹಾಕಲಿಲ್ಲ.

"ಪ್ರಿಂಟ್ ಸರಿ ಬರ್ಲಿಲ್ವಾ ಅಕ್ಕ?"

"ಇರುದೇ ಅಷ್ಟು ಮಾರಾಯ. ಮಿನಿಮಲ್ ಅಂತ ಹೇಳ್ತಾರೆ. ಬೇಡದ್ದನ್ನೆಲ್ಲ ಬಿಡುದು."

"ಇಂಕ್ ಉಳೀತದೆ" ಎಂದ. ಒಳ್ಳೆಯ ಮನುಷ್ಯ.

ಜನವರಿ 21, ಮಂಗಳವಾರ
ಮಂಗಳೂರು. ನರದ ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು. ಇವರ ಬಲಗೈ, ಕಮಾನು ಹಿಡಿಯುವ ಕೈ. ಈ ಕಾಯಿಲೆಯ ಗುಣವೇ ಹಾಗಂತೆ: ಕೈ ಕೆಲಸದಲ್ಲಿದ್ದರೆ ನಡುಕ ಕಡಿಮೆ, ಸುಮ್ಮನೆ ಇಟ್ಟರೆ ಜಾಸ್ತಿ. ನಿಧಾನಕ್ಕೆ ಬಿಗಿಯೂ ಆಗುತ್ತದಂತೆ.

"ಎಷ್ಟು ಸಮಯ ನುಡಿಸ್ಬಹುದು ಡಾಕ್ಟ್ರೆ?" ಎಂದು ಕೇಳಿದೆ.

"ಆಗುವಷ್ಟು ಸಮಯ ನುಡಿಸಲಿ."

ಇದನ್ನು ಹೇಳಲಿಕ್ಕೆ ಅಷ್ಟು ಓದಬೇಕಿತ್ತಾ? ಮೈ ಉರಿಯಿತು.

ಬಸ್ಸಿನಲ್ಲಿ ಇವರು ಮೆಲ್ಲಗೆ ಹೇಳಿದರು, "ಕಾರ್ಯಕ್ರಮದ ಆ ಐದು ಸ್ವರದಲ್ಲಿ ಎರಡು ತೆಗ್ದೆ ದೀಪಾ. ಸ, ರಿ, ಪ. ಮೂರು ಸಾಕು." ಒಂದೊಂದು ಸ್ವರ ಕಮಾನು ಮುಗಿಯುವ ತನಕ. ಆಮೇಲೆ ಮೌನ, ಸ್ವರದಷ್ಟೇ ಉದ್ದ, ಇನ್ನೂ ಉದ್ದ. ಮೃದಂಗ ಇಲ್ಲ, ತಂಬೂರಿ ಇಲ್ಲ. ಮದುವೆ ಮನೆಗಳಲ್ಲಿ ಇಪ್ಪತ್ತು ವರ್ಷ ಗದ್ದಲದ ನಡುವೆ ನುಡಿಸಿದ ಮನುಷ್ಯ ಕೊನೆಗೆ ಕಟ್ಟಿದ್ದು ಇದನ್ನು. ಒಂದು ಸಲ ನಾಲ್ಕು ಜನ ಕೂತು ಕೇಳಿದರೆ ಸಾಕಂತೆ.

ಬೇಡವೆಂದು ತೆಗೆದರೋ, ಆಗುವುದಿಲ್ಲವೆಂದು ತೆಗೆದರೋ? ಕೇಳಲಿಲ್ಲ. ಧೈರ್ಯ ಬರಲಿಲ್ಲ.

ಫೆಬ್ರವರಿ 16, ಭಾನುವಾರ
ಆಯಿತು. ಕಾರ್ಯಕ್ರಮ ಆಯಿತು.

ಗೋಡೆಗೆ ನನ್ನ ಆರು ಕ್ಯಾನ್ವಾಸು. ಬಿಳಿ, ಒಂದೊಂದರಲ್ಲಿ ಒಂದೇ ಬೂದು ಗೆರೆ. ಅರ್ಧ ಹಾಲ್ ಜನ. ಹೊತ್ತು ನೋಡಿ ಮಾತ್ರೆ ಕೊಟ್ಟಿದ್ದೆ, ಕೈ ಹಿಡಿತದಲ್ಲಿತ್ತು. ಷಡ್ಜ ಬಂತು... ಅಷ್ಟು ಚಂದ ಇವರು ಎಂದೂ ನುಡಿಸಿರಲಿಲ್ಲ. ಆಮೇಲೆ ಮೊದಲ ಮೌನ. ಫ್ಯಾನಿನ ಸದ್ದು, ಇವರ ಉಸಿರು. ನನಗೆ ಅಳು ಬಂತು.

ಅಷ್ಟರಲ್ಲಿ ಹಿಂದಿನಿಂದ — "ಹಲೋ, ಹಲೋ, ಚೆಕ್." ಮೈಕಿನ ದೇವದಾಸ. ಕಡಬದವನು. ವಯರು ಅಲ್ಲಾಡಿಸಿ ನೋಡಿದ.

ಇವರು ಕಣ್ಣು ತೆರೆಯಲಿಲ್ಲ. ರಿ ನುಡಿಸಿದರು. ಎರಡನೇ ಮೌನ ಶುರುವಾಯಿತೋ ಇಲ್ಲವೋ, ದೇವದಾಸ ಗಣಪತಿ ಭಜನೆ ಹಾಕಿಬಿಟ್ಟ! ಜನಕ್ಕೆ ಜೀವ ಬಂದ ಹಾಗಾಯಿತು. ಚಪ್ಪಾಳೆ ತಟ್ಟಿ ತಾಳ ಹಾಕಿದರು. ನಾನು ಸೀರೆ ಎತ್ತಿಕೊಂಡು ಹಿಂದಕ್ಕೆ ಓಡಿ ನಿಲ್ಲಿಸುವಾಗ ಅರ್ಧ ಭಜನೆ ಮುಗಿದಿತ್ತು. ಇವರು ಪಂಚಮ ನುಡಿಸಿದರು. ಕಮಾನು ಎತ್ತಿದ್ದೇ ತಡ, ಎಲ್ಲರೂ ಎದ್ದು ನಿಂತರು. ಕೊನೆಯ ಮೌನ ಕುರ್ಚಿಗಳ ಸದ್ದಿನಲ್ಲಿ ಹೋಯಿತು.

ಇವರ ಚಿಕ್ಕಮ್ಮ ಹೊರಡುವಾಗ ಹೇಳಿದ್ದು: "ಚಿತ್ರ ಚಂದ ಉಂಟು ದೀಪಾ. ಮುಗಿಸಿದ ಮೇಲೆ ಪುನಃ ಕರಿ, ಆಯ್ತಾ?"

ಫೆಬ್ರವರಿ 17, ಸೋಮವಾರ
ದೇವದಾಸ ನರಿಮೊಗರಿನ ನಮ್ಮ ಮನೆಗೇ ಬಂದ. ಬಾಗಿಲಲ್ಲೇ ಹಿಡಿದುಕೊಂಡೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ.

"ಅಲ್ಲ ಅಕ್ಕ, ನೀವೇ ಹೇಳಿದ್ದಲ್ವಾ, ಎಂತ ಆದ್ರೂ ಕಾರ್ಯಕ್ರಮ ನಿಲ್ಬಾರ್ದು ಅಂತ? ಮೈಕ್ ಕೈ ಕೊಟ್ಟಿತು ಅಂತ ಗ್ರಹಿಸಿದೆ. ಮಾಸ್ಟ್ರ ಮರ್ಯಾದೆ ಹೋಗುದು ಬೇಡ ಅಂತ..."

ಕಣ್ಣಲ್ಲಿ ನೀರಿತ್ತು ಅವನಿಗೆ. ರೆಕಾರ್ಡ್ ಮಾಡಿದ ಪೆನ್‌ಡ್ರೈವ್ ತಂದಿದ್ದ. ಒಳಗಿನಿಂದ ಇವರು ನಕ್ಕರು. "ಪಾಪ, ಬಿಡು ಮಾರಾಯ್ತಿ. ಚಾ ಕೊಡು ಅವನಿಗೆ. ಮುಂದಿನ ತಿಂಗಳು ಪುನಃ ಮಾಡುವ."

ಏಪ್ರಿಲ್ 3, ಗುರುವಾರ
ಪುನಃ ಮಾಡಲಿಲ್ಲ. ಬರೆಯಲೂ ಇಲ್ಲ.

ಬಲಗೈ ಬಿಗಿದುಕೊಂಡಿದೆ. ಇವತ್ತು ಪೆಟ್ಟಿಗೆ ತೆರೆದು ಕೂತರು. ಕಮಾನು ತಂತಿಯ ಮೇಲಿಟ್ಟರು. ಎಳೆಯಲಿಕ್ಕೆ ಕೈ ಹೊರಡಲಿಲ್ಲ. ಹೊರಟ ಮೇಲೆ ಬಂದದ್ದು ಬಾಗಿಲು ಕಿರುಗುಟ್ಟಿದ ಸದ್ದು. ಪೆಟ್ಟಿಗೆ ಮುಚ್ಚಿದರು. ಅನ್ನ ಕಲಸಲೂ ಕಷ್ಟ, ಚಮಚ ಕೊಟ್ಟೆ. ತಿಂದರು.

ಏಪ್ರಿಲ್ 11, ಶುಕ್ರವಾರ
ಅಂಗಡಿಯ ಕಂಪ್ಯೂಟರಿನಲ್ಲಿ ಆ ರೆಕಾರ್ಡಿಂಗ್ ಹಾಕಿದೆ. ಇನ್ನು ಇರುವುದು ಅದೊಂದೇ. ಮೂರು ಸ್ವರ ಸರಿಯಾಗಿವೆ. ಹಲೋ ಕತ್ತರಿಸಿದೆ, ಭಜನೆ ಕತ್ತರಿಸಿದೆ, ಚಪ್ಪಾಳೆ ಕತ್ತರಿಸಿದೆ. ಆ ಜಾಗಕ್ಕೆ ಖಾಲಿ ತುಂಬಿಸಿದೆ, ಇವರು ಹೇಳಿದ ಅಳತೆಗೆ. ಖಾಲಿ ಬಿಡುವ ಕೆಲಸ ನನಗಲ್ಲದೆ ಯಾರಿಗೆ ಗೊತ್ತು?

ಸಂಜೆ ಇಯರ್‌ಫೋನ್ ಹಾಕಿ ಕೇಳಿಸಿದೆ. ಮೊದಲ ಖಾಲಿಯಲ್ಲೇ ಇವರ ಮುಖ ಸಣ್ಣದಾಯಿತು.

"ಇದ್ರಲ್ಲಿ ಫ್ಯಾನ್ ಇಲ್ಲ ದೀಪಾ."

"ಸದ್ದು ಬೇಡ ಅಂತಲೇ ತೆಗ್ದದ್ದಲ್ವಾ?"

"ಉಸಿರೂ ಇಲ್ಲ. ನಾನೇ ಇಲ್ಲ ಇದ್ರಲ್ಲಿ."

ಕೇಳಿದೆ. ಹೌದು. ಸ್ವರ ನಿಂತ ಕೂಡಲೇ ಮನುಷ್ಯ ಸತ್ತ ಹಾಗೆ. ಆಮೇಲೆ ನನಗೇ ಹೊಳೆಯಿತು — ನುಡಿಸುವುದು ಬೇಡ. ಪಿಟೀಲು ಹಿಡಿದು ಸುಮ್ಮನೆ ಕೂತರೆ ಸಾಕು. ಇವರ ಮೌನವನ್ನು ರೆಕಾರ್ಡ್ ಮಾಡಿ ಸೇರಿಸುತ್ತೇನೆ.

"ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗ್ತದಲ್ಲ?" ಎಂದೆ. ನಕ್ಕರು. ಫೆಬ್ರವರಿಯಿಂದ ಈಚೆಗೆ ಮೊದಲ ಸಲ.

ಏಪ್ರಿಲ್ 13, ಭಾನುವಾರ
ಆಗಲಿಲ್ಲ.

ದೇವದಾಸ ಸುದ್ದಿ ಕೇಳಿ ಒಳ್ಳೆಯ ಮೈಕ್ ತಂದಿದ್ದ, ಕರೆಯದೆಯೇ. ಫ್ಯಾನ್ ಹಾಕಿದೆವು. ಇವರು ನೆಲಕ್ಕೆ ಕೂತು ಪಿಟೀಲು ಎದೆಗಿಟ್ಟರು, ಕಮಾನು ತಂತಿಗೆ. ಟಿಕ್ ಟಿಕ್ ಟಿಕ್... ಕೈ ನಡುಗಿ ಕಮಾನು ತಂತಿಗೆ ಬಡಿಯುತ್ತಿತ್ತು. ಕಮಾನು ತೆಗೆದೆವು. ಕೈ ತೊಡೆಯ ಮೇಲೆ — ಬೆರಳುಗಳು ಪಂಚೆಗೆ ಉಜ್ಜುವ ಸದ್ದು. ಮಡಿಲಲ್ಲಿ ದಿಂಬಿಟ್ಟೆವು. ನಾನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ, ನನ್ನ ಬಳೆ ಕುಣಿಯಿತು. ಬಳೆ ತೆಗೆದೆ. ದೇವದಾಸ ಹೆಡ್‌ಫೋನಿನಲ್ಲಿ ಕೇಳಿ, ಆಗಲಿಲ್ಲವೆಂದು ತಲೆ ಅಲ್ಲಾಡಿಸಿದ.

ಕೈ ಸುಮ್ಮನಿಟ್ಟರೆ ಜಾಸ್ತಿ. ಡಾಕ್ಟರು ಅಂದೇ ಹೇಳಿದ್ದರು.

ರಹ್ಮತನಿಗೆ ದೊಡ್ಡದಾಗಿ ಹೇಳಿದ್ದೆ, ಬೇಡದ್ದನ್ನು ಬಿಡುವುದು ಎಂದು. ನಾವು ಎಲ್ಲಿ ಬಿಟ್ಟೆವು? ಎರಡು ಸ್ವರ ಹೋದವು, ಆಮೇಲೆ ಮೂರೂ ಹೋದವು. ಈಗ ಉಳಿದ ಮೌನವನ್ನೂ ಕಿತ್ತುಕೊಂಡಾಯಿತು. ಇದಕ್ಕೆ ಕಲೆ ಎನ್ನುವ ಹೆಸರು ಬೇರೆ. ಮನೆಗೆ ತಂದು ಗೋಡೆಗೆ ಹಾಕಿದ್ದ ಆರೂ ಕ್ಯಾನ್ವಾಸು ಇಳಿಸಿ ಮಂಚದ ಅಡಿಗೆ ತಳ್ಳಿದೆ. ನೋಡಲಿಕ್ಕೆ ಹೆದರಿಕೆಯಾಗುತ್ತದೆ.

ಏಪ್ರಿಲ್ 20, ಭಾನುವಾರ. ಮಧ್ಯಾಹ್ನ
ಪಿಟೀಲು ನಾಳೆ ಸುಳ್ಯಕ್ಕೆ ಹೋಗುತ್ತದೆ, ಶಿಷ್ಯೆ ಭವಿತಾಳಿಗೆ. ಇವರೇ ಹೇಳಿ ಕಳಿಸಿದ್ದು. "ಇವತ್ತು ಒಂದು ಸಲ ನೋಡುವ. ಆಮೇಲೆ ಕೇಳ್ಬೇಡ ನನ್ನತ್ರ" ಎಂದರು.

ಮಾತ್ರೆ ಕೊಟ್ಟು ಆಗಿದೆ. ದೇವದಾಸ ಹೆಡ್‌ಫೋನ್ ಹಾಕಿಕೊಂಡಿದ್ದಾನೆ. ಇವರ ಕೈಯನ್ನೇ ನೋಡುತ್ತ ಕೂರಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಈ ಡೈರಿ ಹಿಡಿದು ಮೂಲೆಯಲ್ಲಿ ಕೂತಿದ್ದೇನೆ.

ಕಣ್ಣು ಮುಚ್ಚಿದರು. ಕಮಾನು ತಂತಿಯ ಮೇಲೆ. ಫ್ಯಾನ್. ಉಸಿರು.

ಕೈ ನಿಂತಿದೆ. ದೇವರೇ, ನಿಂತಿದೆ.

ಇನ್ನೂ ನಿಂತಿದೆ...

ದೇವದಾಸ ನನ್ನ ಕಡೆ ಕೈಸನ್ನೆ ಮಾಡುತ್ತಿದ್ದಾನೆ. ಪೆನ್ನಿನ ಸದ್ದು ಬೀಳುತ್ತಿದೆಯಂತೆ. ನಿಲ್ಲಿಸಬೇಕಂತೆ. ನಿಲ್ಲಿಸುತ್ತೇನೆ. ಇವರ ಹೆಬ್ಬೆರಳು ಮೆಲ್ಲಗೆ ಅಲ್ಲಾಡಿ