ಜುಲೈಯಲ್ಲಿ ವಾಸಿಯಾಗುವ ಕೈಗಳು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಬಂದರಿನ ಹೆಂಗಸರ ಕೈ ನೋಡಲೆಂದು ತಾವು ಚರ್ಮರೋಗ ಶಿಬಿರ ಏರ್ಪಡಿಸಿದ್ದು ಜುಲೈ ತಿಂಗಳಲ್ಲಿ. ಅಷ್ಟರಲ್ಲಿ ಕೈಗಳೆಲ್ಲ ವಾಸಿಯಾಗಿದ್ದವು. ವಾಸಿ ಮಾಡಿದ್ದು ತಮ್ಮ ಇಲಾಖೆಯಲ್ಲ, ಮೀನುಗಾರಿಕೆ ಇಲಾಖೆ! ಮಳೆಗಾಲದಲ್ಲಿ ಬೋಟು ಕಡಲಿಗಿಳಿಯಬಾರದೆಂಬ ನಿಷೇಧ ಬಂತು, ಸಿಗಡಿ ಸುಲಿಯುವ ಶೆಡ್ಡು ಮುಚ್ಚಿತು, ಐಸಿನ ನೀರಿನಲ್ಲಿ ನೆನೆದು ಬಿರಿದಿದ್ದ ಬೆರಳುಗಳು ತಾವಾಗಿಯೇ ಕೂಡಿಕೊಂಡವು. ಮೊನ್ನೆ ಪಂಚಾಯತಿನ ಸಭೆಯಲ್ಲಿ, ವಾರಕ್ಕೊಮ್ಮೆ ಚರ್ಮದ ಡಾಕ್ಟರನ್ನು ಇಲ್ಲಿಗೇ ಕಳಿಸಿ ಎಂದು ನಾವು ಕೇಳಿದ್ದಕ್ಕೆ ತಾವು, "ಶಿಬಿರದಲ್ಲಿ ಒಂದು ಕೈಯೂ ಕೆಟ್ಟಿರಲಿಲ್ಲವಲ್ಲ, ಅಗತ್ಯ ಕಾಣುವುದಿಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಏಪ್ರಿಲಿನಲ್ಲಿ ಬಂದು ನೋಡಿದವರು ಕರಾವಳಿಯಲ್ಲಿ ಮಳೆಯೇ ಇಲ್ಲ ಎಂದಂತಾಯಿತಲ್ಲ ಸ್ವಾಮಿ?

ತಪ್ಪೆಲ್ಲ ತಮ್ಮದೇ ಎಂದರೆ ದೇವರು ಮೆಚ್ಚಲಾರ. ಶಿಬಿರದ ದಿನ ನನ್ನ ಅಮ್ಮ ಸೀತು ಕೈಗೆ ಸೋಪು ಹಾಕಿ ಹಾಕಿ ತಿಕ್ಕಿ, ತೆಂಗಿನೆಣ್ಣೆ ಸವರಿ, ನೆಂಟರ ಮನೆಗೆ ಹೊರಟವಳ ಹಾಗೆ ಹೊಸ ಬಳೆ ತೊಟ್ಟಳು. "ಅಮ್ಮ, ಡಾಕ್ಟ್ರ್ ಕಾಂಬುದ್ ಕೈ, ಬಳಿ ಅಲ್ಲ" ಎಂದೆ.

"ಸುಮ್ನಿರ್ ಮಾರಾಯ್ತಿ, ಡಾಕ್ಟ್ರ ಎದ್ರ್ ಮೀನ್ ವಾಸ್ನಿ ಕೈ ಚಾಚುಕಾತ್ತಾ?" ಎಂದು ಗದರಿದಳು.

ಪಕ್ಕದ ಮನೆಯ ಕುಸುಮಕ್ಕನಂತೂ ಕೈಯ ವಿಷಯವನ್ನೇ ಮರೆತು ಕೆನ್ನೆಯ ಬಂಗಿನ ಕಲೆಗೆ ಮುಲಾಮು ಕೇಳಿ ಪಡೆದರು. ಪಾಪ, ತಮ್ಮ ಡಾಕ್ಟರಾದರೂ ಏನು ಮಾಡಿಯಾರು? ಅಷ್ಟು ಚಂದದ ಕೈಗಳನ್ನು ಅವರು ಮದುವೆ ಚಪ್ಪರದಲ್ಲೂ ಕಂಡಿರಲಿಕ್ಕಿಲ್ಲ.

ಆಗಸ್ಟಿನಲ್ಲಿ ಶೆಡ್ಡು ತೆರೆಯಿತು, ಕೈ ಮತ್ತೆ ಒಡೆಯಿತು. ಸರಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಕೂರುವುದು ಬೆಳಿಗ್ಗೆ, ಬೋಟು ದಡಕ್ಕೆ ಬರುವುದೂ ಬೆಳಿಗ್ಗೆ. ಬೋಟಿಗೆ ನಾಳೆ ಬಾ ಎನ್ನಲಾದೀತೇ? ಕೊನೆಗೆ ಒಂದು ದಿನ ಕೆಲಸ ತಪ್ಪಿಸಿ ಅಮ್ಮನನ್ನು ಕುಂದಾಪುರದ ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದೆ. ಮೊಡವೆ, ಬಂಗು, ಕೂದಲುದುರುವಿಕೆ, ಲೇಸರ್, ಮದುಮಗಳ ಹೊಳಪು ಎಂದು ಬೋರ್ಡಿನಲ್ಲಿ ಇಲ್ಲದ್ದೇ ಇಲ್ಲ. ಕೌಂಟರಿನ ಹುಡುಗಿ ನಗುತ್ತಾ, "ಅಮ್ಮ, ಮುಖಕ್ಕೆ ಗ್ಲೋ ಟ್ರೀಟ್‌ಮೆಂಟ್ ಮಾಡ್ಸ್ತೀರಾ?" ಎಂದಳು.

"ಮುಖ ಹಾಂಗೇ ಇರ್ಲಿ ಮಗಾ, ಸಿಗಡಿ ಸುಲುಕೆ ಮುಖ ಎಂತಕೆ? ಕೈ ಕಾಣ್" ಎಂದು ಅಮ್ಮ ಸೆರಗಿನಡಿಯಿಂದ ಕೈ ಹೊರತೆಗೆದಳು. ಹುಡುಗಿಯ ನಗು ನಿಂತಿತು.

ಒಳಗಿದ್ದ ಡಾಕ್ಟರು ಒಳ್ಳೆಯವರು. ಮುಲಾಮು ಬರೆದರು, ಹತ್ತಿಯ ಗ್ಲೌಸಿನ ಮೇಲೆ ರಬ್ಬರಿನದು ಹಾಕಲು ಹೇಳಿದರು, ಸ್ವಲ್ಪ ದಿನ ಕೈಗೆ ರಜೆ ಕೊಡಿ ಎಂದರು. "ಹಂಗಾರೆ ಹೊಟ್ಟಿಗೂ ರಜಿ ಬರ್ದ್ ಕೊಡಿ ಡಾಕ್ಟ್ರೇ" ಎಂದಳು ಅಮ್ಮ. ಅವರು ನಕ್ಕರಾದರೂ, ಆಗಾಗ ಬಂದು ತೋರಿಸಲೇಬೇಕು ಎಂದರು. ಔಷಧಿ ಹಿಡಿಯಿತು, ಆಗಾಗ ಹೋಗುವುದು ಮಾತ್ರ ಆಗಲಿಲ್ಲ. ಕೆಲಸ ತಪ್ಪಿಸಿದವರ ಜಾಗ ಶೆಡ್ಡಿನಲ್ಲಿ ಖಾಲಿ ಉಳಿಯುವುದಿಲ್ಲ. ಮುಲಾಮು ಮುಗಿಯಿತು, ಕೈ ಮತ್ತೆ ಬಿರಿಯಿತು.

ಮಳೆಗಾಲದಲ್ಲಿ ನನ್ನ ಮಗಳು ಮೋಕ್ಷಿತಾಳಿಗೆ ಜಡೆ ಹಾಕುವವಳು ಅಜ್ಜಿಯೇ. ಈಗ ಮಗಳು ಬಾಚಣಿಗೆ ಹಿಡಿದು ಬಂದರೆ, "ಅಮ್ಮನ್ ಹತ್ರ ಹೋಗ್ ಮಗಾ" ಎಂದು ಅಜ್ಜಿ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಬಿರುಕಿಗೆ ಒಂದು ಕೂದಲು ಸಿಕ್ಕಿದರೂ ಜೀವ ಹೋಗುವಂಥ ಉರಿ. ಮಗುವಿಗೆ ಅದೆಲ್ಲಿ ತಿಳಿಯುತ್ತದೆ? ಅಜ್ಜಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡಿದೆ. ಇಲ್ಲಿಯ ತನಕ ತಮಾಷೆಯಾಗಿ ಬರೆದೆ. ಇದನ್ನು ಮಾತ್ರ ಹಾಗೆ ಬರೆಯಲಾರೆ.

ಈ ನವೆಂಬರಿನಲ್ಲೇ ಇನ್ನೊಂದು ಶಿಬಿರ ಮಾಡಿ, ಮಧ್ಯಾಹ್ನದ ಹೊತ್ತು, ಶೆಡ್ಡಿನ ಬಾಗಿಲಲ್ಲೇ. ದೀಪ, ಹಾರ, ಭಾಷಣ ಬೇಡ. ಅಮ್ಮನ ಕೈಯನ್ನು ತಾವೇ ಹಿಡಿದು ನೋಡಿ, ಆಮೇಲೆ ಅಗತ್ಯ ಕಾಣುವುದಿಲ್ಲವೆಂದು ಅವಳಿಗೇ ಹೇಳಿ. ಹೇಳಲು ಬಾಯಿ ಬಾರದಿದ್ದರೆ ವಾರಕ್ಕೊಮ್ಮೆ ಡಾಕ್ಟರನ್ನು ಕಳಿಸಿ. ಶಾಲೆಗೆ ಹೋಗುವ ಮಗುವಿಗೆ ಜಡೆ ವರ್ಷವಿಡೀ ಬೇಕಾಗುತ್ತದೆ.

ಇಂತಿ,
ಅಜ್ಜಿಯಷ್ಟು ಚಂದ ಜಡೆ ಹಾಕಲು ಬಾರದ
ಶ್ರೀಲತಾ, ಯಡ್ತರೆ