ಆಚೆ ದಡದವನ ಹಾಡು

ರೂಪೇಶನಿಗೆ,

ನೀನು ನಮ್ಮ ಹಾಡಿನ ಅರ್ಧವನ್ನು ಕತ್ತರಿಸಿ ಎಸೆದು, ಉಳಿದರ್ಧವನ್ನು ಯುದ್ಧ ಬೇಕು ಎನ್ನುವವರ ಕೈಗೆ ಕೊಟ್ಟೆ. ಅದು ತಪ್ಪು. ಕುಶಲ ಕೇಳುವ ಮೊದಲೇ ಇದನ್ನು ಬರೆಯದಿದ್ದರೆ ಈ ಪತ್ರದ ಉಳಿದ ಮಾತೆಲ್ಲ ಸುಳ್ಳಾಗುತ್ತದೆ.

ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿದ ವಾರ, ಕಾರವಾರದ ಕಡಲತೀರದ ವೇದಿಕೆಯಲ್ಲಿ ಯುವಕ ಸಂಘವೊಂದು ನಿನ್ನ ಗಿಟಾರನ್ನೂ ನಿನ್ನ ದನಿಯನ್ನೂ ದೊಡ್ಡ ಸ್ಪೀಕರಿನಲ್ಲಿ ಹಾಕಿತು. ‘ನುಗ್ಗು, ನುಗ್ಗು, ದಿಬ್ಬ ನಮ್ಮದು’ ಎಂದು ಜನ ಮುಷ್ಟಿ ಎತ್ತಿದರು. ನಾನು ಆ ಜನರ ನಡುವೆಯೇ ನಿಂತಿದ್ದೆ. ಆ ಸಾಲಿನ ಬೆನ್ನಿಗೇ ಆಚೆ ದಡದ ಸಿಪಾಯಿಯ ಉತ್ತರ ಬರಬೇಕು. ಅದು ನನ್ನ ದನಿ. ಬರಲೇ ಇಲ್ಲ. ಮತ್ತೆ ‘ನುಗ್ಗು’ ಎಂದೇ ಬಂತು.

ಆ ಜನರಿಗೆ ಕತೆ ಗೊತ್ತಿರಲಿಲ್ಲ, ಕ್ಷಮಿಸಬಹುದು. ನಿನಗೆ ಗೊತ್ತಿತ್ತು. ಮಂಜಗುಣಿಯಲ್ಲಿ ಗಂಗಾವಳಿ ಸಮುದ್ರ ಸೇರುವಲ್ಲಿ ನಾವಿಬ್ಬರೂ ನಿಂತಿದ್ದಾಗ, ಇಳಿತದ ನೀರಿನಿಂದ ಮರಳಿನ ದಿಬ್ಬವೊಂದು ಮೆಲ್ಲಗೆ ಮೇಲೆದ್ದಿತ್ತು. ಕೊಕ್ಕರೆಗಳು ಇಳಿದು, ಹೆಜ್ಜೆ ಮೂಡಿಸಿ, ಭರತ ಬರುವುದರೊಳಗೆ ಹಾರಿಹೋದವು. ‘ಇದಕ್ಕಾಗಿ ಎರಡು ದಡದವರು ಯುದ್ಧ ಮಾಡಿದರೆ?’ ಎಂದು ಕೇಳಿದವನು ನೀನೇ. ಅಲ್ಲಿಂದ ಹುಟ್ಟಿದ್ದು ನಮ್ಮ ಏಳು ಹಾಡಿನ ಆಲ್ಬಮ್. ಒಂದು ಹಾಡು ಮುಗಿಯದೆ ಇನ್ನೊಂದಕ್ಕೆ ಹರಿಯುತ್ತದೆ, ನಡುವೆ ಎಲ್ಲೂ ಚಪ್ಪಾಳೆಗೆ ಜಾಗವಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಎಡಗಿವಿಯಲ್ಲಿ ಈ ದಡದ ಸಿಪಾಯಿ, ಬಲಗಿವಿಯಲ್ಲಿ ಆಚೆ ದಡದವನು. ಇಬ್ಬರೂ ಗೆಲ್ಲುತ್ತಾರೆ, ಇಬ್ಬರೂ ಸಾಯುತ್ತಾರೆ, ದಿಬ್ಬ ನೀರಿನಡಿ ಹೋಗುತ್ತದೆ.

ಹೋದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಬೇಲೆಕೇರಿಯ ಐಸ್ ಫ್ಯಾಕ್ಟರಿ ಬಾಗಿಲು ಹಾಕಿತ್ತು. ಸಂದೀಪ ತನ್ನ ಮಾವನಿಂದ ಕೀಲಿ ತಂದು ಅಲ್ಲಿ ಡ್ರಮ್ಸ್ ಹೂಡಿದ. ಆ ದಪ್ಪ ಗೋಡೆಗಳ ನಡುವೆ ಬೆವರದೆ ಹಾಡಿದ ದಿನಗಳೇ ನನ್ನ ಈವರೆಗಿನ ಬದುಕಿನ ಒಳ್ಳೆಯ ದಿನಗಳು. ಒಂದು ದಿನ ನಿನ್ನ ತಾಯಿ, ನಮ್ಮೆಲ್ಲರ ಆಯಿ, ಬುತ್ತಿ ತಂದು, ಬಾಗಿಲಲ್ಲೇ ನಿಂತು ಪೂರಾ ಕೇಳಿದಳು. ‘ಎಂತಾ ಬಾಯ್, ನಿಮ್ಮ ಈ ಹಾಡಿಗೆ ಒಂದು ಕಾಲು ಗಿಡ್ಡ ಅದೆಯಲ್ಲೇ?’ ಎಂದು ನನ್ನನ್ನು ಕೇಳಿದಳು. ಎಂಟಕ್ಕೆ ಒಂದು ಕಡಿಮೆಯಾದ ನಮ್ಮ ಏಳೆಣಿಕೆಯ ತಾಳವನ್ನು ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ನೀನು ‘ಯುದ್ಧದಿಂದ ವಾಪಸು ಬಂದ ಹಾಡು ಆಯಿ, ಹಾಗೇ ನಡೀತದೆ’ ಎಂದೆ. ಅವಳು ನಕ್ಕು ಬುತ್ತಿ ಬಿಚ್ಚಿದಳು.

ಆ ತಾಳ ನಮಗೆ ಸಿಕ್ಕಿದ್ದು ಹಾರವಾಡದಲ್ಲಿ, ರಂಪಣಿ ಬಲೆ ಎಳೆಯುವಲ್ಲಿ. ಸಮುದ್ರದಲ್ಲಿ ಸುತ್ತುಹಾಕಿ ಬಿಟ್ಟ ಬಲೆಯ ಎರಡು ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಎಳೆಯುತ್ತಾರೆ. ಎಳೆಯುವವರ ಕೂಗನ್ನು ರೆಕಾರ್ಡ್ ಮಾಡಲು ನೀನು ಒಂದು ಸಾಲಿನ ಹತ್ತಿರ ಮೊಬೈಲು ಹಿಡಿದೆ, ನಾನು ಇನ್ನೊಂದರ ಹತ್ತಿರ. ಬೊಮ್ಮು ಎನ್ನುವ ಹೆಂಗಸು ನನ್ನನ್ನು ನೋಡಿ, ‘ತಂಗಿ, ನಿನ್ನ ಮೊಬೈಲಿಗೆ ಕಿವಿ ಅದೆ, ನಿನಗೆ ಕೈ ಇಲ್ಲವಾ? ಹಗ್ಗ ಹಿಡಿದವರಿಗೇ ಮೀನು’ ಎಂದಳು. ಮೊಬೈಲನ್ನು ಮರಳಿಗೆ ಚುಚ್ಚಿ ನಾನೂ ಎಳೆದೆ, ನಿನ್ನ ಸಾಲಿನಲ್ಲಿ ನೀನೂ ಹಗ್ಗ ಹಿಡಿದೆ. ಬಲೆ ದಡಕ್ಕೆ ಬಂದಹಾಗೆ ಎರಡು ಸಾಲೂ ಹತ್ತಿರ ಹತ್ತಿರ ಸರಿದು, ಕೊನೆಗೆ ನಿನ್ನ ಭುಜ ನನ್ನ ಭುಜಕ್ಕೆ ತಾಗಿತು. ನಾನು ಓದಿದ ಯಾವ ಹೊತ್ತಿಗೆಯೂ ಮನುಷ್ಯರು ಒಂದಾಗುವುದನ್ನು ನನಗೆ ಹಾಗೆ ತಿಳಿಸಿಕೊಟ್ಟಿರಲಿಲ್ಲ.

ನಿನ್ನ ಅಣ್ಣ ಗಡಿಯಲ್ಲಿದ್ದಾನೆ ಎನ್ನುವುದನ್ನು ನಾನು ಮರೆತಿರಲಿಲ್ಲ. ಆ ವಾರ ರಾಜೀವಣ್ಣನ ಫೋನು ಸತ್ತುಹೋದಾಗ ಬೈತಖೋಲದ ನಿಮ್ಮ ಮನೆಗೆ ಬಂದೆ. ಆಯಿ ಒಲೆ ಹಚ್ಚಿರಲಿಲ್ಲ. ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲೆ ಸೆರಗು ಮುಚ್ಚಿ ಕೂತಿದ್ದಳು. ಹಾಡನ್ನು ಯಾಕೆ ಕೊಟ್ಟೆ ಎಂದು ನಿನ್ನನ್ನು ಕೇಳಿದ್ದು ಆ ಅಂಗಳದಲ್ಲೇ. ‘ಇಡೀ ಊರು ಅಣ್ಣನ ಬೆನ್ನಿಗೆ ನಿಂತಿದೆ ಅಂತ ಅವನಿಗೆ ಗೊತ್ತಾಗ್ಲಿ ಅಂತ ಕೊಟ್ಟೆ. ನಿನ್ನ ಪುಸ್ತಕಗಳಲ್ಲಿ ನನ್ನ ಅಣ್ಣನ ಹೆಸರು ಉಂಟೇನೆ?’ ಎಂದೆ ನೀನು. ‘ಎಲ್ಲಾ ಪುಸ್ತಕದಲ್ಲೂ ಅವನದೇ ಹೆಸರು ಇರೋದು ಮಾರಾಯ’ ಎಂದೆ ನಾನು. ನೀನು ‘ಹೋಗೇ’ ಎಂದೆ. ಹೋದೆ. ಆಮೇಲೆ ರಾಜೀವಣ್ಣನ ಫೋನು ಬಂತೆಂದು ಸಂದೀಪನಿಂದ ತಿಳಿದು ಬಸ್ಸಿನಲ್ಲೇ ಅತ್ತೆ. ನೀನು ಹೇಳಲಿಲ್ಲ.

ಅಂದಿನಿಂದ ನನ್ನ ಹತ್ತಿರ ಮಾತಾಡುವವರು ಕಡಿಮೆ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಶಾಂತಿಯ ಕರಪತ್ರ ಹಂಚಿದೆ. ಮರುದಿನ ಶೇಂಗಾ ಮಾರುವ ಪುಟ್ಟು ಅದೇ ಕರಪತ್ರದಲ್ಲಿ ಶೇಂಗಾ ಕಟ್ಟಿ ನನಗೇ ಕೊಟ್ಟ. ‘ಕಾಗದ ಗಟ್ಟಿ ಅದೆ ತಂಗಿ, ಇನ್ನೂ ಇದ್ರೆ ಕೊಡು’ ಎಂದ. ನಗು ಬಂತು. ಹೇಳಿಕೊಂಡು ನಗುವುದಕ್ಕೆ ನೀನಿರಲಿಲ್ಲ. ಅಗಸೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ನನ್ನ ಮೊಬೈಲಿನಲ್ಲಿ ಉಳಿದಿರುವುದನ್ನು ಕೇಳುತ್ತೇನೆ. ಅದು ಬರೀ ನನ್ನ ದನಿ. ಒಂದು ಸಾಲು ಹಾಡುತ್ತೇನೆ, ನಿನ್ನ ಸಾಲಿನ ಜಾಗದಲ್ಲಿ ನನ್ನ ಉಸಿರು ಮಾತ್ರ ಕೇಳುತ್ತದೆ, ಮತ್ತೆ ಹಾಡುತ್ತೇನೆ. ಯಾರೂ ಬರದ ದಿಬ್ಬದ ಮೇಲೆ ಒಬ್ಬಳೇ ಕೋವಿ ಹಿಡಿದು ನಿಂತ ಹಾಗೆ.

ಈಗ ಈ ಪತ್ರ ಬರೆಯಲು ಕಾರಣ. ರಜೆಯ ಮೇಲೆ ಬಂದ ರಾಜೀವಣ್ಣ ಮೊನ್ನೆ ಗುರುವಾರ ನಮ್ಮ ಮನೆಗೆ ಬಂದಿದ್ದ. ರೇನ್‌ಕೋಟಿನಿಂದ ನೀರಿಳಿಸುತ್ತ ಜಗಲಿಯಲ್ಲಿ ನಿಂತವನನ್ನು ಕಂಡು ಅಪ್ಪ ನನ್ನ ಕಿವಿಯಲ್ಲಿ ‘ಭಾಷಣ ಬೇಡ, ಚಹಾ ಮಾಡು’ ಎಂದರು. ಅವನು ಚಹಾ ಕುಡಿದು, ‘ಆಚೆಯವನ ಹಾಡು ಎಲ್ಲಿ ಅದೆ?’ ಎಂದು ಕೇಳಿದ. ನಿನ್ನನ್ನು ಕೇಳಿದನಂತೆ. ಉಳಿದದ್ದೆಲ್ಲ ಅಳಿಸಿಹೋಯಿತು ಎಂದು ನೀನು ಮುಖ ನೋಡದೆ ಹೇಳಿದೆಯಂತೆ.

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ನೀವು ಮಾಡಿದ ತುಂಡನ್ನ ನಮ್ಮ ಹುಡುಗ್ರೂ ಹಾಕ್ತಾರೆ. ಚೆನ್ನಾಗೇ ಅದೆ. ಆದ್ರೆ ಪ್ರೇಕ್ಷಾ, ಚಳಿಗಾಲದಲ್ಲಿ ಮಂಜು ಇಳಿದಾಗಿಂದ ಆಚೆ ಪೋಸ್ಟಿನಲ್ಲಿ ಒಬ್ಬ ಕೆಮ್ಮೋದು ನಮಗೆ ಕೇಳ್ತಿತ್ತು. ಅದೇ ಕೆಮ್ಮು, ದಿನಾ. ಬಿಸಿನೀರು ಕುಡಿಯೋ ಮಾರಾಯ ಅಂತ ನಾವು ಈಚೆಯಿಂದ ತಮಾಷೆ ಮಾಡ್ತಿದ್ವಿ. ಮೇ ತಿಂಗಳು ಕಳೆದ ಮೇಲೆ ಅದು ಕೇಳ್ಲಿಲ್ಲ. ನಿಮ್ಮ ಹಾಡಿನಲ್ಲಿ ಆಚೆಯವನೂ ಇದ್ದ ಅಂತ ಸಂದೀಪ ಹೇಳ್ದ. ನನಗೆ ಅವನನ್ನ ಕೇಳ್ಬೇಕು.’

ನನ್ನ ಹತ್ತಿರ ಎಷ್ಟೊಂದು ವಾದಗಳಿದ್ದವು ರೂಪೇಶ. ಅವನ್ನೆಲ್ಲ ಬದಿಗಿಟ್ಟೆ. ಜಗಲಿಯಲ್ಲೇ ಕೂತು ನನ್ನ ಪಾಲನ್ನು ಹಾಡಿದೆ. ಅವನು ಕಣ್ಣು ಮುಚ್ಚಿ ಕೇಳಿ, ‘ನಡುನಡುವೆ ಸುಮ್ಮನಾಗ್ತಿಯಲ್ಲ, ಮರೆತುಹೋಗಿದೆಯಾ?’ ಎಂದ. ‘ಇಲ್ಲ ಅಣ್ಣಾ, ಅದು ನಿಮ್ಮ ತಮ್ಮ ಹಾಡೋ ಜಾಗ’ ಎಂದೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದ ಮೇಲೆ ಕರೆಯಬೇಕೆಂದು ಕಾದರೆ ರಾಜೀವಣ್ಣನ ರಜೆ ಮುಗಿಯುತ್ತದೆ. ಸೋಮವಾರ ಅವನ ರೈಲು. ಅಳಿಸಿದ್ದು ನಿಜವಾದರೆ ಅಳಿಸಿರಲಿ, ಮೊದಲಿನಿಂದ ನುಡಿಸೋಣ. ಯಾವುದನ್ನೂ ರೆಕಾರ್ಡ್ ಮಾಡುವುದು ಬೇಡ, ಯಾರೂ ಮತ್ತೆ ಕತ್ತರಿಸದ ಹಾಗೆ. ಬೇಲೆಕೇರಿಯ ಕೀಲಿ ಸಂದೀಪನ ಹತ್ತಿರ ಇದೆ. ಆಯಿಯನ್ನೂ ಕರೆದುಕೊಂಡು ಬಾ. ಅವಳಿಗೆ ಕೇಳಲಾಗದಿದ್ದರೆ ನಡುವೆಯೇ ಎದ್ದುಹೋಗಲಿ, ಅವಳೊಂದಿಗೆ ನಾನೂ ಹೊರಗೆ ಬಂದು ನಿಲ್ಲುತ್ತೇನೆ.

ನಿನ್ನ ಮನೆಯಿಂದ ದೂರ ಹೋಗುವವರೆಲ್ಲ ಸುಖವಾಗಿ ಹಿಂದಿರುಗಲಿ. ಆಚೆಯವರ ಮನೆಗೂ ಹಾಗೆಯೇ ಆಗಲಿ.

ನಿನ್ನ ಮೇಲೆ ಸಿಟ್ಟು ಆರದ ಗೆಳತಿ,
ಪ್ರೇಕ್ಷಾ

ಐಸ್ ಫ್ಯಾಕ್ಟರಿಯ ಹಿಂಬಾಗಿಲು ತೆರೆದಿರುತ್ತದೆ. ಈ ಭಾನುವಾರ, ಸಂಜೆ ನಾಲ್ಕು ಗಂಟೆಗೆ.