ಕೊಟ್ಟಿಗೆಯ ಮಣ್ಣಿನ ಗೋಡೆ

ಏಪ್ರಿಲ್ ೨೨, ಮಂಗಳವಾರ

ಅಂಗೈಯ ತಂಪು ಇನ್ನೂ ಹೋಗಿಲ್ಲ.

ಆನೆಕೊಂಡದಲ್ಲಿ ತಂಪು ಮನೆ ಕಟ್ಟುವ ತರಬೇತಿಗೆ ಇವತ್ತು ಮೂರನೇ ದಿನ. ಮಧ್ಯಾಹ್ನದ ಬಿಸಿಲಲ್ಲಿ ಕಲಿಸುವ ಸುಧಾ ಮೇಡಂ ನಮ್ಮೆಲ್ಲರಿಂದ ಎರಡು ಗೋಡೆ ಮುಟ್ಟಿಸಿದರು. ಸಿಮೆಂಟಿನದು ಕಾದ ಹಂಚಿನಂತಿತ್ತು. ಮಣ್ಣಿನ ಇಟ್ಟಿಗೆಯದು ತಣ್ಣಗಿತ್ತು. ನಾನು ಕೈ ತೆಗೆಯಲೇ ಇಲ್ಲ.

"ಬಸವಣ್ಣೆಮ್ಮೋರೆ, ಬಿಡ್ರಿ, ಗೋಡೆ ಏನು ಬೀಳಂಗಿಲ್ಲ!" ಅಂದಳು ಪಕ್ಕದಲ್ಲಿದ್ದ ಯಲ್ಲಕ್ಕ. ಎಲ್ಲರೂ ನಕ್ಕರು. ನನಗೆ ಅಳು ಬಂತು. ಕಣ್ಣಿಗೆ ಸುಣ್ಣ ಬಿತ್ತು ಅಂದೆ.

ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ಮಲಗಿದ್ದ ನಮ್ಮ ಯಜಮಾನರು ತಾರಸಿಯ ಕಾವು ತಾಳದೆ ದಿನಾ ಕೇಳುತ್ತಿದ್ದರು: "ನನ್ನ ಕೊಟ್ಟಿಗ್ಯಾಗ ಮಲಗಿಸೇ. ಅಲ್ಲಿ ಮಣ್ಣಿನ ಗೋಡೆ ಐತೆ, ತಣ್ಣಗೈತೆ."

ಗಂಡನನ್ನು ದನದ ಜೊತೆ ಹಾಕಿದಳು ಎಂದು ನಮ್ಮೂರು ಭಾನುವಳ್ಳಿಯೆಲ್ಲ ಆಡಿಕೊಂಡೀತು ಅಂತ ನಾನು ಒಪ್ಪಲಿಲ್ಲ. "ಸುಮ್ನಿರ್ರಿ, ಜನ ನಗ್ತಾರೆ," ಅಂದೆ. ಅವರು ಆಮೇಲೆ ಕೇಳಲಿಲ್ಲ. ಅದಾದ ಹದಿನೇಳನೇ ದಿನಕ್ಕೆ ಹೋಗಿಬಿಟ್ಟರು.

ಸಾವು ತಪ್ಪುತ್ತಿರಲಿಲ್ಲ, ಗೊತ್ತು. ಕೊಟ್ಟಿಗೆಗೆ ಒಯ್ದಿದ್ದರೆ ಆ ಹದಿನೇಳು ದಿನ ತಣ್ಣಗಾದರೂ ಮಲಗಿರುತ್ತಿದ್ದರು.

ಈಗ ಲಿಂಗಪೂಜೆಗೆ ಕೂತಾಗ, ಶಿವಾ ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. ಬೆಂದವರು ಅವರು. ಕ್ಷಮಿಸಬೇಕಾದವರೂ ಅವರೇ.